ಕಮಿಷನ್ ನೌಕರಿಯ ಲೆಕ್ಕ, ಕಾಯಕದ ಲೆಕ್ಕ

ನಮ್ಮ ಮಠಗಳ ಪ್ರಸಾದನಿಲಯಗಳಲ್ಲಿದ್ದು ಪದವಿ ಮುಗಿಸಿದ ಹುಡುಗ ಹುಡುಗಿಯರಿಗೆ ಬೆಂಗಳೂರಿನಿಂದ ಬರುವ ಕರೆಗಳಲ್ಲಿ ‘ರಿಕ್ರೂಟರ್’ ಕೆಲಸವೂ ಒಂದು. ಕಂಪನಿಗಳಿಗೆ ಜನರನ್ನು ಹುಡುಕಿಕೊಡುವ ಕನ್ಸಲ್ಟೆನ್ಸಿಯಲ್ಲಿ ಕುಳಿತು ಫೋನ್ ಮಾಡುವುದು, ಬಯೋಡೇಟಾಗಳನ್ನು ಸೋಸುವುದು, ಸಂದರ್ಶನಕ್ಕೆ ಕಳಿಸುವುದು. ಕೆಲವು ಕಡೆ ನಿಗದಿತ ಸಂಬಳವೇ ಇರುವುದಿಲ್ಲ, ಇದ್ದರೂ ಹೆಸರಿಗೆ ಮಾತ್ರ, ಉಳಿದದ್ದೆಲ್ಲ ಕಮಿಷನ್. ಮನೆಯವರು ಒಡವೆ ಅಡವಿಟ್ಟು ಮಕ್ಕಳನ್ನು ಬಸ್ಸು ಹತ್ತಿಸುವ ಮೊದಲು ಈ ಕೆಲಸವನ್ನು ಸಮಾಧಾನದಿಂದ ತೂಗಿ ನೋಡಬೇಕು.

‘ಇದು ದಲ್ಲಾಳಿ ಕೆಲಸ, ನಮ್ಮ ಮನೆತನಕ್ಕೆ ಸಲ್ಲದು’ ಎನ್ನುವ ಹಿರಿಯರಿದ್ದಾರೆ. ಅವರ ಮಾತನ್ನು ಒಪ್ಪಲಾಗದು. ಕೆಲಸದಲ್ಲಿ ಮೇಲು ಕೀಳು ಎಣಿಸುವುದು ಶರಣರ ದಾರಿಯಲ್ಲ. ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು, ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಮೋಳಿಗೆ ಮಾರಯ್ಯನವರು ಕಟ್ಟಿಗೆ ಮಾರಿದರು. ಕೆಲಸ ಬೇಕಾದವರನ್ನು ಕೆಲಸವಿರುವ ದಡಕ್ಕೆ ಮುಟ್ಟಿಸುವುದೂ ಕಾಯಕವೇ. ಅದನ್ನು ಹೇಗೆ ಮಾಡುತ್ತೇವೆ, ಅದರಿಂದ ಹೊಟ್ಟೆ ತುಂಬುತ್ತದೆಯೇ ಎಂಬುದೇ ಪ್ರಶ್ನೆ.

ಮೊದಲು ಹೊಟ್ಟೆಯ ಲೆಕ್ಕ. ಸೇರಿದ ವ್ಯಕ್ತಿಯ ವಾರ್ಷಿಕ ಸಂಬಳದ ಶೇ. 8.33, ಅಂದರೆ ಒಂದು ತಿಂಗಳ ಸಂಬಳ, ಕನ್ಸಲ್ಟೆನ್ಸಿಗೆ ಶುಲ್ಕವಾಗಿ ಸಿಗುವುದು ಈ ವ್ಯವಹಾರದಲ್ಲಿ ರೂಢಿಯಲ್ಲಿರುವ ದರ. 6 ಲಕ್ಷ ರೂಪಾಯಿ ಸಂಬಳದ ಒಬ್ಬರನ್ನು ಸೇರಿಸಿದರೆ ಸುಮಾರು 50,000 ರೂಪಾಯಿ. ಅದರಲ್ಲಿ ರಿಕ್ರೂಟರ್ ಪಾಲು ಶೇ. 10 ಎಂದಿಟ್ಟುಕೊಂಡರೆ ಕೈಗೆ ಬರುವುದು 5,000. ತಿಂಗಳಿಗೆ 20,000 ಬೇಕಾದರೆ ಪ್ರತಿ ತಿಂಗಳೂ ನಾಲ್ವರು ಆಯ್ಕೆಯಾಗಿ, ಸೇರಿ, ನಿಲ್ಲಬೇಕು.

ಹಣ ಬರುವ ಹೊತ್ತೂ ಮುಖ್ಯ. ಆಯ್ಕೆಯಾದವರು ಹಳೆಯ ಕಂಪನಿಯಲ್ಲಿ 30ರಿಂದ 90 ದಿನ ನೋಟಿಸ್ ಅವಧಿ ಮುಗಿಸಬೇಕು. ಸೇರಿದವರು 60 ಅಥವಾ 90 ದಿನದೊಳಗೆ ಬಿಟ್ಟುಹೋದರೆ ಬದಲಿಗೆ ಇನ್ನೊಬ್ಬರನ್ನು ಕೊಡಬೇಕೆಂಬ ಷರತ್ತು ಸಾಮಾನ್ಯ. ಆ ಗಡುವು ದಾಟುವವರೆಗೆ ಕಮಿಷನ್ ತಡೆಹಿಡಿದರೆ ಮೊದಲ ಹಣ ಕಾಣಲು ಐದಾರು ತಿಂಗಳಾದೀತು. ಪಿಜಿ ಬಾಡಿಗೆ, ಊಟ, ಬಸ್ಸು ಸೇರಿ ತಿಂಗಳಿಗೆ 15,000 ಎಂದರೂ ಆರು ತಿಂಗಳಿಗೆ 90,000. ಆ ಹಣ ಊರಿನಿಂದಲೇ ಬರಬೇಕು.

ನೀರಾವರಿ ಯೋಜನೆಯನ್ನು ತುಂಬು ಮಳೆಯ ವರ್ಷ ನೋಡಿ ರೂಪಿಸುವುದಿಲ್ಲ. ಕೃಷ್ಣಾ ನೀರು ಹಂಚುವಾಗ ಬಚಾವತ್ ನ್ಯಾಯಮಂಡಳಿ ನೂರಕ್ಕೆ ಎಪ್ಪತ್ತೈದು ವರ್ಷ ಸಿಗುವ 2060 ಟಿಎಂಸಿಯನ್ನೇ ಆಧಾರವಾಗಿ ಹಿಡಿಯಿತು. ಸಂಸಾರದ ಲೆಕ್ಕಕ್ಕೂ ಇದೇ ಸೂತ್ರ ಇರಲಿ. ಕರೆ ಮಾಡಿದವರು ಹೇಳುವುದು ಅತ್ಯಂತ ಚುರುಕಾದವನ ಅತ್ಯುತ್ತಮ ತಿಂಗಳ ಗಳಿಕೆ. ನಾವು ಕೇಳಬೇಕಾದದ್ದು, ಹೊಸಬರಿಗೆ ಕಳೆದ ಒಂದು ವರ್ಷದಲ್ಲಿ ತಿಂಗಳಿಗೆ ಕನಿಷ್ಠ ಎಷ್ಟು ಸಿಕ್ಕಿದೆ, ಎಷ್ಟು ಜನ ಕೆಲಸ ಬಿಟ್ಟಿದ್ದಾರೆ ಎಂದು.

ಒಪ್ಪುವ ಮೊದಲು ಮೂರು ವಿಷಯ ಬರವಣಿಗೆಯಲ್ಲಿರಲಿ. ಒಂದು, ಬದುಕಿನ ಖರ್ಚಿಗೆ ಸಾಲುವಷ್ಟು ನಿಗದಿತ ಸಂಬಳ. ಎರಡು, ಕಮಿಷನ್ ಯಾವ ದಿನ ಸಲ್ಲುತ್ತದೆ, ಕೆಲಸ ಬಿಟ್ಟರೆ ಬಾಕಿ ಏನಾಗುತ್ತದೆ ಎಂಬ ವಿವರ. ಮೂರು, ನೀವು ನೌಕರರೋ ‘ಸ್ವತಂತ್ರ ಕನ್ಸಲ್ಟೆಂಟ್’ ಎಂಬ ಹೆಸರಿನವರೋ ಎಂಬುದು. ಎರಡನೆಯದಾದರೆ ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ತರಬೇತಿ ಶುಲ್ಕ, ಠೇವಣಿ, ಅಂಕಪಟ್ಟಿಯ ಮೂಲಪ್ರತಿ ಕೇಳಿದರೆ ಅಲ್ಲಿಂದ ಎದ್ದು ಬರುವುದೇ ಸರಿ.

ಇನ್ನು ಕಾಯಕದ ಲೆಕ್ಕ. ಸೇರಿದರೆ ಮಾತ್ರ ಹಣ ಎಂದಾಗ, ಎದುರಿನವರಿಗೆ ಹೊಂದದ ಕೆಲಸವನ್ನೂ ಹೊಂದುತ್ತದೆ ಎನ್ನುವ, ರಾತ್ರಿಪಾಳಿಯನ್ನು ಮುಚ್ಚಿಡುವ, ಬಡ ಅಭ್ಯರ್ಥಿಯಿಂದಲೂ ಕಾಸು ಕೀಳುವ ಆಸೆ ಹುಟ್ಟುತ್ತದೆ. ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ ದಿನ, ಅದನ್ನು ತಂದಲ್ಲಿಯೇ ಸುರಿದು ಬನ್ನಿ ಎಂದು ಹೇಳಿದ ಆಯ್ದಕ್ಕಿ ಲಕ್ಕಮ್ಮನವರನ್ನು ನಾವು ನೆನೆಯಬೇಕಾದದ್ದು ಇಂಥ ಕಡೆ. ಜಾತಿಯ ವಿಷಯದಲ್ಲೂ ಎಚ್ಚರ ಬೇಕು. ಅಡ್ಡಹೆಸರು ನೋಡಿ ಬಯೋಡೇಟಾ ಬದಿಗಿಡುವುದು, ‘ನಮ್ಮವರು’ ಎಂದು ಮುಂದೆ ತಳ್ಳುವುದು ಎರಡೂ ಒಂದೇ ತಪ್ಪು. ಇಷ್ಟಲಿಂಗ ಧರಿಸಿದ ಕೈಯಿಂದ ಆ ಕೆಲಸ ಆಗಬಾರದು.

ಮಠಗಳಲ್ಲಿ ಒಂದು ವಿನಂತಿ. ಅನ್ನ, ಅಕ್ಷರ ಕೊಟ್ಟ ಪ್ರಸಾದನಿಲಯವು ಮಕ್ಕಳ ಮೊದಲ ನೌಕರಿಯ ಕಾಗದವನ್ನೂ ಓದಿ ಹೇಳಲಿ. ವರ್ಷಕ್ಕೊಮ್ಮೆ, ಅಂತಿಮ ವರ್ಷದ ಪರೀಕ್ಷೆಗೆ ಮುನ್ನ, ನೌಕರಿಯಲ್ಲಿರುವ ಹಳೆಯ ವಿದ್ಯಾರ್ಥಿಗಳನ್ನೂ ನಿವೃತ್ತ ನೌಕರರನ್ನೂ ಕರೆಸಿ ಅರ್ಧ ದಿನ ಕೂರಿಸಿದರೆ ಸಾಕು. ಬೆಂಗಳೂರಿನಲ್ಲಿ ಶಾಖೆಯಿರುವ ಮಠಗಳು ಹೊಸದಾಗಿ ಬಂದವರಿಗೆ ಮೊದಲ ಮೂರು ತಿಂಗಳು ತಂಗಲು ಕೆಲವು ಜಾಗ ಕಾದಿರಿಸಿದರೆ ಅದೂ ದಾಸೋಹವೇ. ಉಳಿಯಲು ಒಂದು ನೆಲೆಯಿದ್ದರೆ, ಸಲ್ಲದ ಷರತ್ತಿಗೆ ‘ಒಲ್ಲೆ’ ಎನ್ನುವ ಧೈರ್ಯ ಮಕ್ಕಳಿಗೆ ಬರುತ್ತದೆ.