ರಿವೈಂಡಿಂಗ್ ಅಂಗಡಿ ಮತ್ತು ಮ್ಯೂಆನ್

ಕಡೂರು, ತರೀಕೆರೆ, ಅಜ್ಜಂಪುರ... ಈ ಕಡೆ ಯಾವ ಪೇಟೆಗೆ ಹೋದ್ರೂ ಒಂದು ಮೋಟಾರ್ ರಿವೈಂಡಿಂಗ್ ಅಂಗಡಿ ಸಿಗುತ್ತೆ. ಬೋರ್‌ವೆಲ್ ಮೋಟಾರ್ ಸುಟ್ಟರೆ ಹಳೇ ತಂತಿ ಕಿತ್ತು, ಹೊಸದನ್ನ ಸುತ್ತು ಎಣಿಸಿ ಕೂರಿಸಿ, ವಾರ್ನಿಷ್ ಹೊಡೆದು ಕೊಡ್ತಾರೆ. ಅದನ್ನ ಯಾರೂ ಇಂಜಿನಿಯರಿಂಗ್ ಅನ್ನೋಲ್ಲ. ಇಂಜಿನಿಯರಿಂಗ್ ಅಂದ್ರೆ ಬೆಂಗಳೂರಲ್ಲಿ ಎಸಿ ಕೆಳಗೆ ಕೂತು ನನ್ನ ಹಾಗೆ ಕೀಬೋರ್ಡ್ ಕುಟ್ಟೋದು! ಈ ಮೇಲುಕೀಳು ಪೊಳ್ಳು ಅನ್ನೋದು ನನ್ನ ವಾದ. ಸಾಕ್ಷಿಗೆ ಮ್ಯೂಆನ್ ಕರೀತೀನಿ.

ಮ್ಯೂಆನ್ ಅಂದ್ರೆ ಎಲೆಕ್ಟ್ರಾನಿನ ಅಣ್ಣ ಅನ್ನಿ. ತೂಕ 207 ಪಟ್ಟು, ಆಯಸ್ಸು ಸೆಕೆಂಡಿನ 10 ಲಕ್ಷದಲ್ಲಿ ಎರಡು ಪಾಲು ಚಿಲ್ಲರೆ. ಇವನ್ನ ಎದುರುಬದುರು ಡಿಕ್ಕಿ ಹೊಡೆಸೋ ಯಂತ್ರ ಕಟ್ಟಬೇಕು ಅನ್ನೋದು ಭೌತವಿಜ್ಞಾನಿಗಳ ಹಳೇ ಆಸೆ. ಆದ್ರೆ ಹುಟ್ಟುವಾಗಲೇ ಇವು ಅಜ್ಜಂಪುರದ ಅಮೃತಮಹಲ್ ಹೋರಿಗಳನ್ನ ದೊಡ್ಡಿಯಿಂದ ಬಿಟ್ಟ ಹಾಗೆ ದಿಕ್ಕಾಪಾಲು. ಅವನ್ನ ಒಂದು ಸಾಲಿಗೆ ತರೋದಕ್ಕೇ 'ತಂಪು ಮಾಡೋದು' ಅಂತ ಹೆಸರು. ದ್ರವ ಹೈಡ್ರೋಜನ್‌ನಲ್ಲಿ ಹಾಯಿಸಿದ್ರೆ ಎಲ್ಲ ದಿಕ್ಕಿನ ರಭಸವೂ ತಗ್ಗುತ್ತೆ, ಆಮೇಲೆ ವಿದ್ಯುತ್ ಕ್ಷೇತ್ರದಿಂದ ಮುಂದಕ್ಕೆ ಮಾತ್ರ ತಳ್ಳೋದು. ತಗ್ಗಿಸೋ ಭಾಗ ನಿಜಕ್ಕೂ ಕೆಲಸ ಮಾಡುತ್ತೆ ಅಂತ ಇಂಗ್ಲೆಂಡಿನ 'ಮೈಸ್' ಪ್ರಯೋಗ 2020ರಲ್ಲಿ ಪ್ರಕಟಿಸಿತು.

ತೊಡಕಿರೋದು ಕಾಯಿಲ್‌ನಲ್ಲಿ ಸ್ವಾಮಿ. ಕೊನೇ ಹಂತದಲ್ಲಿ ಕಣಗಳನ್ನ ಹಿಂಡಿ ಹಿಡಿಯೋಕೆ ಸುಮಾರು 40 ಟೆಸ್ಲಾ ಕಾಂತಕ್ಷೇತ್ರ ಬೇಕು. ನಮ್ಮ ಊರಲ್ಲಿ ದಿಕ್ಸೂಚಿ ತಿರುಗಿಸೋ ಭೂಮಿಯ ಕ್ಷೇತ್ರದ ಹತ್ತಿರ ಹತ್ತಿರ 10 ಲಕ್ಷ ಪಟ್ಟು! ಸರ್ನ್‌ನ ಎಲ್‌ಎಚ್‌ಸಿ ಯಂತ್ರದ ಮುಖ್ಯ ಮ್ಯಾಗ್ನೆಟ್‌ಗಳದ್ದೇ 8.3. ಒತ್ತಡ ಕ್ಷೇತ್ರದ ವರ್ಗದ ಲೆಕ್ಕದಲ್ಲಿ ಏರುತ್ತೆ, 40 ಟೆಸ್ಲಾದಲ್ಲಿ ಗಾಳಿಯ ಒತ್ತಡದ 6000 ಪಟ್ಟಿಗೂ ಹೆಚ್ಚು. ತಂತಿ ಕೂದಲೆಳೆಯಷ್ಟು ಜರುಗಿದ್ರೂ ಬಿಸಿ, ಬಿಸಿಯಾದ್ರೆ ಸೂಪರ್‌ಕಂಡಕ್ಟರ್ ಗುಣ ಮಾಯ, ಆಮೇಲೆ ಸುಡೋದೇ. 2008ರ ಸೆಪ್ಟೆಂಬರ್ 19ರಂದು ಎಲ್‌ಎಚ್‌ಸಿಯಲ್ಲಿ ಒಂದೇ ಒಂದು ಜಾಯಿಂಟ್ ಕೈಕೊಟ್ಟು, ಟನ್‌ಗಟ್ಟಲೆ ಹೀಲಿಯಂ ಸೋರಿ, ಯಂತ್ರ ವರ್ಷದ ಮೇಲೆ ನಿಂತುಹೋಯ್ತು. ಜಾಯಿಂಟ್ ಸಡಿಲ ಇದ್ರೆ ಏನಾಗುತ್ತೆ ಅಂತ ಯಾವ ರಿವೈಂಡಿಂಗ್ ಅಂಗಡಿಯವರನ್ನ ಬೇಕಾದ್ರೂ ಕೇಳಿ.

ಅವರನ್ನೇ ಬೆಚ್ಚಿಬೀಳಿಸೋ ಸಂಗತಿಯೂ ಒಂದಿದೆ. ಇಷ್ಟು ಬಲಕ್ಕೆ ಹಳೇ ನಿಯೋಬಿಯಂ-ಟೈಟಾನಿಯಂ ತಂತಿ ಸಾಲದು, ತಾಮ್ರದ ಆಕ್ಸೈಡ್ ಪದರವಿರೋ ಚಪ್ಪಟೆ ಪಟ್ಟಿ ಬೇಕು. ಅದನ್ನ ಇನ್ಸುಲೇಷನ್ ಇಲ್ಲದೇ ಸುತ್ತುತ್ತಾರೆ! ಎಲ್ಲೋ ಒಂದು ಕಡೆ ಬಿಸಿಯಾದ್ರೆ ಕರೆಂಟು ಪಕ್ಕದ ಸುತ್ತಿಗೆ ಹಾರಿ ತಪ್ಪಿಸಿಕೊಳ್ಳುತ್ತೆ. ಹೀಗೆ ಸುತ್ತಿದ ಪುಟ್ಟ ಕಾಯಿಲನ್ನ ಇನ್ನೊಂದು ದೊಡ್ಡ ಮ್ಯಾಗ್ನೆಟ್ ಒಳಗಿಟ್ಟು 2019ರಲ್ಲಿ ಅಮೆರಿಕದವರು ಒಟ್ಟು 45.5 ಟೆಸ್ಲಾ ಮುಟ್ಟಿದ್ರು. ಪಟ್ಟಿ ಮಾತ್ರ ಸೊಟ್ಟಗಾಯ್ತು. ಕಣ ತಂಪು ಮಾಡೋ ಯಂತ್ರದಲ್ಲಿ ಅದು ದಿನಾ ದುಡೀಬೇಕು, ಹಾಗಾಗಿ ಕೆಲಸ ಇನ್ನೂ ಬಾಕಿ.

"ಇದೆಲ್ಲ ನಮ್ಮಿಂದಾಗೋದಲ್ಲ" ಅನ್ನೋರಿಗೆ: ಎಲ್‌ಎಚ್‌ಸಿಯ ಸಣ್ಣ ಸೂಪರ್‌ಕಂಡಕ್ಟಿಂಗ್ ತಿದ್ದುಪಡಿ ಮ್ಯಾಗ್ನೆಟ್‌ಗಳಲ್ಲಿ ಸಾವಿರಕ್ಕೂ ಹೆಚ್ಚು ಹೋಗಿದ್ದು ಭಾರತದಿಂದ. ಉಸ್ತುವಾರಿ ಇಂದೋರಿನ ಸರ್ಕಾರಿ ಸಂಶೋಧನಾ ಕೇಂದ್ರದ್ದು, ತಯಾರಿಸಿದವರಲ್ಲಿ ಬೆಂಗಳೂರಿನ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕೂಡ ಒಂದು. ಮೋಟಾರ್ ಮಾಡೋ ಕಂಪನಿ! ನಮ್ಮ ಹುಡುಗರಲ್ಲಿ ಎಷ್ಟು ಜನಕ್ಕೆ ಗೊತ್ತು?

ಸೂಪರ್‌ಕಂಡಕ್ಟರ್ ಪಟ್ಟಿ ಕಡೂರು ಸಂತೇಲಿ ಸಿಗೋಲ್ಲ, ಒಪ್ಪಿದೆ. ಆದ್ರೆ ಅಪ್ಪನ ಅಂಗಡಿಯಲ್ಲಿ ಕಾಯಿಲ್ ಸುತ್ತೋದು ಕಲಿತ ಹುಡುಗ ಅದನ್ನ ರೆಸ್ಯೂಮೆಯಲ್ಲಿ ಬರೆಯೋಕೆ ನಾಚಿಕೊಂಡು 'ಜಾವಾ ಬೇಸಿಕ್ಸ್' ಅಂತ ಬರೀತಾನಲ್ಲ, ಅದಕ್ಕೆ ಕಾರಣ ನಮ್ಮಂಥವರೇ ಅಲ್ವಾ? ಎಲೆಕ್ಟ್ರಿಕಲ್ ಓದಿದ ಬ್ಲಾಗಿಗ ಗೆಳೆಯರೇ, ನಾಲ್ಕು ವರ್ಷದಲ್ಲಿ ನೀವು ಕೈಯಾರೆ ಎಷ್ಟು ಕಾಯಿಲ್ ಸುತ್ತಿದ್ರಿ? ಕಾಮೆಂಟಿನಲ್ಲಿ ಸಂಖ್ಯೆ ಹಾಕಿ. ಸೊನ್ನೆ ಆದ್ರೂ ಪರವಾಗಿಲ್ಲ :-)