ಗಡಿ ದಾಟಿದರೆ ಕಾರ್ಡೇ ಬೇರೆ: ಸಿರುಗುಪ್ಪ ಭಾಗದಲ್ಲಿ ಆಸ್ಪತ್ರೆ ಬಿಲ್ ಯಾರ ತಲೆ ಮೇಲೆ?

ಸಿರುಗುಪ್ಪ: ಕೆಂಚನಗುಡ್ಡ, ಸಿರುಗುಪ್ಪ ಕಡೆಯ ಎಷ್ಟೋ ಮನೆಗಳಿಗೆ ಆದೋನಿ, ಆಲೂರು ಕಡೆ ಬೀಗತನ ಇದೆ. ಕೊಡೋದು, ತರೋದು ತಲೆಮಾರುಗಳಿಂದ ನಡೆದು ಬಂದದ್ದು. ಆದರೆ ಹಾರ್ಟ್ ಆಪರೇಷನ್ ಅಂತ ಬಂದರೆ ಈಚೆಯವರಿಗೆ ಒಂದು ಲೆಕ್ಕ, ಆಚೆಯವರಿಗೆ ಇನ್ನೊಂದು ಲೆಕ್ಕ. ಈ ವ್ಯತ್ಯಾಸದಿಂದ ಹೆಚ್ಚು ಪೆಟ್ಟು ತಿನ್ನುವವರು ಕಡುಬಡವರಿಗಿಂತ ಸ್ವಲ್ಪ ಮೇಲಿರುವ ಕಿರಾಣಿ ಅಂಗಡಿಯವರು, ಸಣ್ಣ ವ್ಯಾಪಾರಸ್ಥರು ಮತ್ತು ಮಧ್ಯಮ ರೈತರು.

1953ರ ಅಕ್ಟೋಬರ್ 1ರವರೆಗೆ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯೊಳಗೇ ಇದ್ದವು. ಅಂದು ಆ ಮೂರು ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ ಮೈಸೂರು ರಾಜ್ಯಕ್ಕೆ ಬಂದವು. ಜನ, ಭಾಷೆ, ಬೆಳೆ ಒಂದೇ. ಆದರೆ ಎಪ್ಪತ್ತು ವರ್ಷ ದಾಟಿದ ಮೇಲೆ ಆ ಗೆರೆ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್‌ನಲ್ಲಿ ಎದ್ದು ಕಾಣುತ್ತದೆ.

ಆಚೆ ಏನಿದೆ, ಈಚೆ ಏನಿದೆ?

ಆಂಧ್ರದಲ್ಲಿ 2007ರಲ್ಲಿ ವೈ.ಎಸ್. ರಾಜಶೇಖರ ರೆಡ್ಡಿ ಸರ್ಕಾರ ಆರೋಗ್ಯಶ್ರೀ ಶುರು ಮಾಡಿತು. ಈಗ ಅದರ ಹೆಸರು ಎನ್‌ಟಿಆರ್ ವೈದ್ಯ ಸೇವಾ. 2019-20ರ ಹೊತ್ತಿಗೆ ಅಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆದಾಯ ಇರುವ ಕುಟುಂಬಗಳನ್ನೂ ಯೋಜನೆಗೆ ಸೇರಿಸಲಾಯಿತು. 2023ರ ಡಿಸೆಂಬರ್‌ನಲ್ಲಿ ಚಿಕಿತ್ಸೆಯ ಮಿತಿಯನ್ನು 25 ಲಕ್ಷಕ್ಕೆ ಏರಿಸಲಾಯಿತು.

ನಮ್ಮಲ್ಲಿ 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಬಂತು. ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ್ ಜತೆ ಸೇರಿ 'ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ' ಆಯಿತು. ಬಿಪಿಎಲ್ ಕಾರ್ಡ್ ಇದ್ದರೆ ಇಡೀ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಆದರೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ 30ರಷ್ಟು ಮಾತ್ರ ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಉಳಿದ ಶೇ 70 ಮನೆಯವರೇ ಹೊಂದಿಸಬೇಕು.

ಬಿಪಿಎಲ್ ಗೆರೆ ಎಲ್ಲಿದೆ ಅಂದ್ರೆ, ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿಗೆ. ಅಂದರೆ ತಿಂಗಳಿಗೆ 10 ಸಾವಿರ. ವರ್ಷಕ್ಕೆ 3 ಲಕ್ಷ ದುಡಿಯುವ ಅಂಗಡಿಯವರು ಆದೋನಿಯಲ್ಲಿದ್ದರೆ ಯೋಜನೆಯ ಒಳಗೆ. ಅಷ್ಟೇ ದುಡಿಯುವವರು ಸಿರುಗುಪ್ಪದ ಬಜಾರಿನಲ್ಲಿದ್ದರೆ ಎಪಿಎಲ್. 2 ಲಕ್ಷದ ಪ್ಯಾಕೇಜ್ ಇರುವ ಆಪರೇಷನ್ ಆದರೆ ಇಲ್ಲಿಯವರಿಗೆ ಸರ್ಕಾರದಿಂದ 60 ಸಾವಿರ, ಕೈಯಿಂದ 1.40 ಲಕ್ಷ. 5 ಲಕ್ಷವೋ 25 ಲಕ್ಷವೋ ಎಂಬ ಮಿತಿಗಿಂತ, ಯಾರು ಒಳಗೆ ಯಾರು ಹೊರಗೆ ಎಂಬ ಗೆರೆಯೇ ಇಲ್ಲಿ ಮುಖ್ಯ.

2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್‌ಗಳನ್ನು ಎಪಿಎಲ್‌ಗೆ ಬದಲಿಸಿದಾಗ ರಾಜ್ಯದೆಲ್ಲೆಡೆ ಗದ್ದಲ ಎದ್ದದ್ದು ನೆನಪಿರಬಹುದು. ಆಗ ಮಾತೆಲ್ಲ ಅಕ್ಕಿ ಬಗ್ಗೆ ನಡೆಯಿತು. ಆದರೆ ಕಾರ್ಡ್ ಬದಲಾದರೆ ಅಕ್ಕಿ ಜತೆ 5 ಲಕ್ಷದ ಚಿಕಿತ್ಸೆಯೂ ಹೋಗುತ್ತದೆ. ಅಕ್ಕಿ ಅಂಗಡಿಯಲ್ಲಿ ಕೊಳ್ಳಬಹುದು, ಆಪರೇಷನ್ ಹಾಗೆ ಕೊಳ್ಳೋಕೆ ಆಗಲ್ಲ.

ದೇಶದ ಲೆಕ್ಕ ಏನು ಹೇಳುತ್ತೆ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಶೇ 41ರಷ್ಟು ಮನೆಗಳಲ್ಲಿ ಮಾತ್ರ ಒಬ್ಬರಿಗಾದರೂ ಆರೋಗ್ಯ ವಿಮೆ ಇತ್ತು. ರಾಜಸ್ಥಾನದಲ್ಲಿ ಇದು ಶೇ 88, ಆಂಧ್ರದಲ್ಲಿ ಶೇ 80. ಕರ್ನಾಟಕ ದೇಶದ ಸರಾಸರಿಗಿಂತಲೂ ಕೆಳಗಿತ್ತು. ವಿಮೆ ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅದು ಬಂದದ್ದು ರಾಜ್ಯ ಸರ್ಕಾರಗಳ ಯೋಜನೆಯಿಂದ.

ರಾಜ್ಯದ ಒಳಗೂ ಎಲ್ಲ ಕಡೆ ವಿಮೆ ಒಂದೇ ದಾರಿಯಲ್ಲಿ ಬರುವುದಿಲ್ಲ. ಬೆಂಗಳೂರಿನ ನೌಕರನಿಗೆ ಕಂಪನಿಯೇ ಗ್ರೂಪ್ ಪಾಲಿಸಿ ಮಾಡಿಸಿರುತ್ತದೆ. ಹಾಲಿನ ಡೇರಿ ಸಂಘಗಳು ದಟ್ಟವಾಗಿರುವ ಹಳೇ ಮೈಸೂರು ಕಡೆ ಸಹಕಾರ ಸಂಘದ ಮೂಲಕ ಯಶಸ್ವಿನಿಗೆ ಸೇರುವುದು ಸುಲಭ. ನಮ್ಮ ಜಿಲ್ಲೆಯಲ್ಲೇ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಂಥ ದೊಡ್ಡ ಕಡೆ ಕಾಯಂ ಕೆಲಸ ಇದ್ದವರದು ಒಂದು ದಾರಿ. ಭತ್ತದ ಗದ್ದೆ, ರೈಸ್‌ಮಿಲ್, ಹಮಾಲಿ ನಂಬಿದ ಸಿರುಗುಪ್ಪ-ಕುರುಗೋಡು ಕಡೆ ಬಹುತೇಕ ಉಳಿಯುವುದು ರೇಷನ್ ಕಾರ್ಡ್ ಒಂದೇ.

ಕಾರ್ಡಿನಿಂದ ಜೀವ ಉಳಿದ ಲೆಕ್ಕ

ಸರ್ಕಾರಿ ವಿಮೆಯಿಂದ ನಿಜಕ್ಕೂ ಉಪಯೋಗ ಆಗುತ್ತಾ ಎಂಬ ಪ್ರಶ್ನೆಗೆ ಉತ್ತರ ನಮ್ಮ ಭಾಗದಲ್ಲೇ ಇದೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಮೊದಲು ಜಾರಿಯಾದದ್ದು ಬಳ್ಳಾರಿ ಸೇರಿದ್ದ ಕಲಬುರಗಿ ವಿಭಾಗದಲ್ಲಿ. ನಂತರ ಬೆಳಗಾವಿ ವಿಭಾಗ, ದಕ್ಷಿಣದ ಜಿಲ್ಲೆಗಳಿಗೆ ಕೊನೆಗೆ. ಹೀಗಾಗಿ ಕೆಲವು ಕಾಲ ಅಕ್ಕಪಕ್ಕದ ಹಳ್ಳಿಗಳಲ್ಲೇ ಒಂದು ಕಡೆ ಯೋಜನೆ ಇತ್ತು, ಇನ್ನೊಂದು ಕಡೆ ಇರಲಿಲ್ಲ.

ಸಂಶೋಧಕರು ಯೋಜನೆ ಇದ್ದ 300 ಹಳ್ಳಿ, ಇಲ್ಲದ 272 ಹಳ್ಳಿಗಳನ್ನು ಹೋಲಿಸಿ ನೋಡಿದರು. ಯೋಜನೆಯಡಿ ಬರುವ ಹೃದ್ರೋಗ, ಕ್ಯಾನ್ಸರ್‌ನಂಥ ಕಾಯಿಲೆಗಳಿಂದ ಬಿಪಿಎಲ್ ಮನೆಗಳಲ್ಲಿ ಆದ ಸಾವು ಯೋಜನೆ ಇದ್ದ ಕಡೆ ಶೇ 0.32, ಇಲ್ಲದ ಕಡೆ ಶೇ 0.90. ಆಸ್ಪತ್ರೆಗೆ ಸೇರಿದವರು ಕೈಯಿಂದ ಮಾಡಿದ ಖರ್ಚು ಶೇ 34ರಷ್ಟು ಕಡಿಮೆ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಇದನ್ನು ಪ್ರಕಟಿಸಿತು. ಗೆರೆಯ ಯಾವ ಕಡೆ ಮನೆ ಇದೆ ಎಂಬುದರ ಮೇಲೆ ಜೀವ ನಿಂತಿತ್ತು ಅಂದ್ರೆ ತಪ್ಪಾಗಲ್ಲ.

'ಕಾರ್ಡ್ ಐತಿ, ಎಲ್ಲಾ ಫ್ರೀ' ಅಂದುಕೊಂಡರೆ?

ಕಾರ್ಡ್ ಇದ್ದವರೂ ಎಡವುವ ಜಾಗ ಒಂದಿದೆ. ಆರೋಗ್ಯ ಕರ್ನಾಟಕದಲ್ಲಿ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ರೆಫರಲ್ ಚೀಟಿ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಮಾತ್ರ ಚೀಟಿ ಬೇಡ. ಸಿರುಗುಪ್ಪದವರಿಗೆ ದೊಡ್ಡ ಸರ್ಕಾರಿ ಆಸ್ಪತ್ರೆ ಅಂದರೆ ಬಳ್ಳಾರಿಯ ಬಿಎಂಸಿಆರ್‌ಸಿ, ಜನರ ಬಾಯಲ್ಲಿ ಇನ್ನೂ ವಿಮ್ಸ್. ಕೆಂಚನಗುಡ್ಡದಿಂದ ಅಲ್ಲಿಗೆ 50 ಕಿ.ಮೀ. ಮೇಲೆ. ಗಾಬರಿಯಲ್ಲಿ ನೇರ ಖಾಸಗಿ ಆಸ್ಪತ್ರೆಗೆ ಹೋಗಿ ಅಡ್ಮಿಟ್ ಆಗಿ, ಆಮೇಲೆ ಕಾರ್ಡ್ ತೋರಿಸಿದರೆ ಕೆಲಸ ಕೆಡುತ್ತದೆ.

ಇನ್ನೊಂದು, ಕಾರ್ಡ್ ಇರುವುದು ಅಡ್ಮಿಟ್ ಆಗುವ ಚಿಕಿತ್ಸೆಗೆ. ಬಿಪಿ, ಶುಗರ್ ಅಂತ ಪ್ರತಿ ತಿಂಗಳು ಖಾಸಗಿ ಕ್ಲಿನಿಕ್‌ಗೆ ಕೊಡುವ ಫೀಸು, ಮೆಡಿಕಲ್ ಶಾಪ್ ಬಿಲ್ ಇದರಲ್ಲಿ ಬರುವುದಿಲ್ಲ. 2021-22ರ ಲೆಕ್ಕದಲ್ಲಿ ದೇಶದ ಒಟ್ಟು ಆರೋಗ್ಯ ಖರ್ಚಿನ ಶೇ 39.4 ಇನ್ನೂ ಜನರ ಜೇಬಿನಿಂದಲೇ ಹೋಗುತ್ತಿತ್ತು.

ಎಪಿಎಲ್ ಅಂಗಡಿಯವರಿಗೆ ಇರುವ ದಾರಿ

ಯಶಸ್ವಿನಿ: 2018ರಲ್ಲಿ ನಿಂತಿದ್ದ ಈ ಯೋಜನೆ 2023ರ ಜನವರಿಯಿಂದ ಮತ್ತೆ ಶುರುವಾಗಿದೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ಮಿತಿ. ಮರುಜಾರಿಯಾದಾಗ ನಾಲ್ಕು ಜನರ ಕುಟುಂಬಕ್ಕೆ ಗ್ರಾಮೀಣ ಭಾಗದಲ್ಲಿ 500, ನಗರದಲ್ಲಿ 1,000 ರೂಪಾಯಿ ವಂತಿಗೆ ಇತ್ತು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಉಚಿತ. ಸಹಕಾರ ಸಂಘದ ಸದಸ್ಯತ್ವ ಬೇಕೇ ಬೇಕು. ಕಾಯಿಲೆ ಬಂದ ಮೇಲೆ ಓಡಿ ಹೋದರೆ ಆಗಲ್ಲ, ನೋಂದಣಿ ನಡೆಯುವ ಅವಧಿಯಲ್ಲೇ ಸೇರಬೇಕು. ಎಪಿಎಲ್ ರೈತರು, ಅಂಗಡಿಯವರು ಮೊದಲು ನೋಡಬೇಕಾದ್ದು ಇದನ್ನೇ.

ಇಎಸ್‌ಐ: 10 ಅಥವಾ ಹೆಚ್ಚು ಜನ ಕೆಲಸಕ್ಕಿರುವ ಮಿಲ್, ಜೀನ್ಸ್ ಘಟಕ, ದೊಡ್ಡ ಅಂಗಡಿಗೆ ಅನ್ವಯ. ತಿಂಗಳಿಗೆ 21 ಸಾವಿರದವರೆಗೆ ಸಂಬಳ ಇರುವವರು ಬರುತ್ತಾರೆ. ಮಾಲೀಕರದು ಶೇ 3.25, ಕೆಲಸಗಾರರದು ಶೇ 0.75. ಐದಾರು ಜನರ ಘಟಕಗಳು ಇದರ ಹೊರಗೇ ಉಳಿಯುತ್ತವೆ.

ಖಾಸಗಿ ಪಾಲಿಸಿ: ವೈಯಕ್ತಿಕ ಮತ್ತು ಕುಟುಂಬ ಆರೋಗ್ಯ ವಿಮೆ ಮೇಲಿದ್ದ ಶೇ 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಪೂರ್ತಿ ತೆಗೆದಿದ್ದಾರೆ. ಆದರೆ ಮೊದಲೇ ಇರುವ ಶುಗರ್, ಬಿಪಿಯಂಥ ಕಾಯಿಲೆಗೆ ಮೂರು ವರ್ಷದವರೆಗೆ ಕಾಯುವ ಅವಧಿ ಹಾಕಬಹುದು. ಇರುವ ಕಾಯಿಲೆ ಮುಚ್ಚಿಟ್ಟು ಪಾಲಿಸಿ ಮಾಡಿಸಿದರೆ ಕ್ಲೇಮ್ ತಿರಸ್ಕಾರ ಆಗುವ ಸಂಭವ ಹೆಚ್ಚು.

ರಸ್ತೆ ಅಪಘಾತ: ಎಪಿಎಲ್, ಬಿಪಿಎಲ್ ಭೇದ ಇಲ್ಲ. 2025ರ ಮೇನಲ್ಲಿ ಬಂದ ಕೇಂದ್ರದ ಯೋಜನೆಯಡಿ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿ ಮಿತಿಯೊಳಗೆ ನಗದುರಹಿತ ಚಿಕಿತ್ಸೆ ಇದೆ.

ಕೇಳಬೇಕಾದ ಪ್ರಶ್ನೆ

ಚುನಾವಣೆ ಬಂದಾಗ ಎಲ್ಲ ಪಕ್ಷದವರೂ ಚಿಕಿತ್ಸೆಯ ಮಿತಿ ಏರಿಸುವ ಮಾತಾಡುತ್ತಾರೆ. ಈ ಭಾಗದ ಅಂಗಡಿಯವರಿಗೆ ಬೇಕಾದ್ದು ಅದಕ್ಕಿಂತ ಮೊದಲು ಇನ್ನೊಂದು: ತಿಂಗಳಿಗೆ 10 ಸಾವಿರ ದುಡಿಮೆಯ ಗೆರೆಯನ್ನೇ ಆಸ್ಪತ್ರೆಗೂ ಇಡಬೇಕಾ? ರೇಷನ್‌ಗೆ ಒಂದು ಗೆರೆ, ಚಿಕಿತ್ಸೆಗೆ ಬೇರೆ ಗೆರೆ ಇಡಲು ಸಾಧ್ಯ ಎಂಬುದನ್ನು ಪಕ್ಕದ ರಾಜ್ಯ 5 ಲಕ್ಷದ ಆದಾಯ ಮಿತಿ ಇಟ್ಟು ತೋರಿಸಿದೆ. ಮತ ಕೇಳಲು ಬಂದವರ ಮುಂದೆ, ಜನಸ್ಪಂದನ ಸಭೆಗಳಲ್ಲಿ ವರ್ತಕರ ಸಂಘಗಳು ಎತ್ತಬೇಕಾದ ಬೇಡಿಕೆ ಇದು. ಅಲ್ಲಿಯವರೆಗೆ ಮನೆಯಲ್ಲಿರುವ ಕಾರ್ಡ್ ಬಿಪಿಎಲ್ಲೋ ಎಪಿಎಲ್ಲೋ, ಚಾಲ್ತಿಯಲ್ಲಿದೆಯೋ ಇಲ್ಲವೋ, ಎಲ್ಲರ ಹೆಸರೂ ಆಧಾರ್ ಜತೆ ಸರಿ ಇದೆಯೋ ಎಂದು ಆರೋಗ್ಯ ಚೆನ್ನಾಗಿರುವಾಗಲೇ ನೋಡಿಕೊಳ್ಳುವುದು ಒಳ್ಳೇದು.