ಪ್ರತಿಭೆಯನ್ನು ಕಂಡ ಕಣ್ಣು

ಆಡುವುದು ಒಂದು ವಿದ್ಯೆ. ಆಡಬಲ್ಲವನನ್ನು ಗುರುತಿಸುವುದು ಮತ್ತೊಂದು. ಇವೆರಡೂ ಒಬ್ಬರಲ್ಲಿಯೇ ಕೂಡಿಬರುವುದು ವಿರಳ. ಸ್ಕಾಟ್ಲೆಂಡಿನ ಫುಟ್‌ಬಾಲ್ ಆಟಗಾರ ಆ್ಯಂಡಿ ಬೀಟಿಯವರು ಅಂಥ ವಿರಳರಲ್ಲೊಬ್ಬರು.

1938ರಲ್ಲಿ ಇಂಗ್ಲೆಂಡಿನ ಎಫ್.ಎ. ಕಪ್ ಗೆದ್ದ ಪ್ರೆಸ್ಟನ್ ತಂಡದಲ್ಲಿ ಆಡಿದ್ದ ಅವರು, ಮುಂದೆ ತಂಡಗಳನ್ನು ಪಳಗಿಸುವ ಹೊಣೆ ಹೊತ್ತರು. ಎರಡನೆಯ ದರ್ಜೆಗೆ ಇಳಿದಿದ್ದ ಹಡರ್ಸ್‌ಫೀಲ್ಡ್ ತಂಡವನ್ನು 1953ರಲ್ಲಿ ಮತ್ತೆ ಮೇಲೇರಿಸಿದರು. ಮರುವರ್ಷ ಸ್ವಿಟ್ಜರ್ಲೆಂಡಿನ ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡ್ ತಂಡದ ಹೊಣೆ ಅವರದಾಯಿತು. ಆದರೆ ಅಲ್ಲಿಗೆ ಹೋದವರು ಕೇವಲ 13 ಆಟಗಾರರು! ಮೊದಲ ಪಂದ್ಯದಲ್ಲಿ ಆಸ್ಟ್ರಿಯಕ್ಕೆ ಸೋತ ಬಳಿಕ ಬೀಟಿ ರಾಜೀನಾಮೆಯಿತ್ತರು.

ಈ ಒಂದು ಸೋಲಿನಿಂದಲೇ ಅವರನ್ನು ಅಳೆಯುವುದು ನ್ಯಾಯವಲ್ಲ. 1955ರಲ್ಲಿ ಕೃಶಕಾಯದ, ಮೆಳ್ಳೆಗಣ್ಣಿನ, ಕನ್ನಡಕಧಾರಿ ಬಾಲಕನೊಬ್ಬ ಅಬರ್ಡೀನಿನಿಂದ ಹಡರ್ಸ್‌ಫೀಲ್ಡಿಗೆ ಬಂದ. ಅವನ ರೂಪ ಕಂಡು ಸಂಶಯಪಟ್ಟ ಬೀಟಿ, ಆಟ ಕಂಡು ಸೇರಿಸಿಕೊಂಡರು. ಅವನೇ ಡೆನಿಸ್ ಲಾ, 1964ರಲ್ಲಿ ಯೂರೋಪಿನ ಶ್ರೇಷ್ಠ ಆಟಗಾರನೆನಿಸಿದವನು. ಅದೇ 1955ರಲ್ಲಿ ಪ್ರೆಸ್ಟನ್ನಿನ ಹಳೆಯ ಒಡನಾಡಿ ಬಿಲ್ ಶ್ಯಾಂಕ್ಲಿಯವರನ್ನೂ ಬೀಟಿ ತಮ್ಮ ಬಳಿಗೆ ಕರೆತಂದರು.

ಇಳಿವಯಸ್ಸಿನಲ್ಲಿ ಅವರು ಆಟಗಾರರನ್ನು ಅರಸುವ ಕಾಯಕ ಹಿಡಿದರು. ಸ್ಕಂಥಾರ್ಪ್‌ನ ಕೆವಿನ್ ಕೀಗನ್ ಎಂಬ ಯುವಕನನ್ನು ನೋಡಿ, ಆಗ ಲಿವರ್‌ಪೂಲಿನಲ್ಲಿದ್ದ ಶ್ಯಾಂಕ್ಲಿಯವರಿಗೆ ಸೂಚಿಸಿದರು. 1971ರಲ್ಲಿ ಲಿವರ್‌ಪೂಲ್ ಸೇರಿದ ಕೀಗನ್ ಮುಂದೆ 1978 ಮತ್ತು 1979ರಲ್ಲಿ ಯೂರೋಪಿನ ಶ್ರೇಷ್ಠ ಆಟಗಾರನಾದ.

ವಾಚಕರೇ, ನಮ್ಮ ಮನೆಯ ಬಡಕಲು ಮಗುವನ್ನೂ ಎರಡನೆಯ ಸಲ ನೋಡಬೇಕು. ಮೊದಲ ನೋಟ ರೂಪವನ್ನಷ್ಟೇ ಕಾಣುತ್ತದೆ.